ಇಂಟರ್ವಲ್, ಹಾರ್ಮನಿ, ಟೋನಾಲಿಟಿ: ಕರ್ನಾಟಕ ಸಂಗೀತ ಕಲಿತವರು ಎಲ್ಲಿಂದ ಶುರು ಮಾಡಬೇಕು?

ವರ್ಣದವರೆಗೆ ಹಾಡುಗಾರಿಕೆ ಕಲಿತಿದ್ದೀರಿ. ಈಗ ಕೀಬೋರ್ಡ್ ಕಲಿಯಲು ಹೊರಟಾಗ ಈ ಮೂರೂ ತಲೆಯಲ್ಲಿ ಕಲಸಿಹೋಗುತ್ತಿವೆ, ಹಳೆಯದನ್ನೆಲ್ಲ ಬದಿಗಿಟ್ಟು ಹೊಸದಾಗಿ ಶುರು ಮಾಡಬೇಕಾ ಎಂದು ಕೇಳಿದ್ದೀರಿ. ಖಂಡಿತ ಬೇಡ. ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರ ಮಕ್ಕಳಿಗೆ ಹಾಡುಗಾರಿಕೆ ಹೇಳಿಕೊಡುವವಳು. ಶಾಲಾ ಕಲೋತ್ಸವದ ಸಮೂಹಗಾನಕ್ಕೆ ಮಕ್ಕಳನ್ನು ತಯಾರು ಮಾಡುವಾಗ ಇದೇ ಗೊಂದಲ ಎದುರಾಗುತ್ತದೆ. ಷಡ್ಜ, ಅಂದರೆ ಆಧಾರ ಸ್ವರವಾದ ಸ, ಗಟ್ಟಿ ಇದ್ದವರು ಇದನ್ನು ಬೇಗ ದಾಟುತ್ತಾರೆ. ಅವರಿಗೆ ಹೊಸ ಪಾಠ ಒಂದೇ: ಕೆಳಗಿನ ಸ್ವರ ಬದಲಾದರೂ ಷಡ್ಜವನ್ನು ಬಿಡದಿರುವುದು.

ಇಂಟರ್ವಲ್ ಎಂದರೆ ಎರಡು ಸ್ವರಗಳ ನಡುವಿನ ದೂರ, ಅಷ್ಟೇ. ಸ್ವರಗಳನ್ನು ದಾಟಿ ದಾಟಿ ಹಾಡುವ ದಾಟು ವರಸೆ ಹಾಡಿದವರೆಲ್ಲ ಅದನ್ನು ಅಭ್ಯಾಸ ಮಾಡಿದವರೇ. ಕೀಬೋರ್ಡಿನಲ್ಲಿ ಒಂದು ಕೀಯನ್ನು ಷಡ್ಜ ಎಂದಿಟ್ಟುಕೊಂಡು ಕಪ್ಪು ಬಿಳಿ ಎಲ್ಲವನ್ನೂ ಎಣಿಸುತ್ತಾ ಬಲಕ್ಕೆ ಹೋಗಿ. ಅದರಿಂದ 4ನೆಯದು ಅಂತರ ಗಾಂಧಾರ, 5ನೆಯದು ಶುದ್ಧ ಮಧ್ಯಮ, 7ನೆಯದು ಪಂಚಮ, 12ನೆಯದು ಮೇಲಿನ ಷಡ್ಜ. ಪುಸ್ತಕದಲ್ಲಿ ಮೇಜರ್ ಥರ್ಡ್, ಪರ್ಫೆಕ್ಟ್ ಫೋರ್ತ್, ಪರ್ಫೆಕ್ಟ್ ಫಿಫ್ತ್, ಆಕ್ಟೇವ್ ಎಂದು ಬರೆದಿರುವುದು ಇವನ್ನೇ. ನಾವು ಎಲ್ಲವನ್ನೂ ಷಡ್ಜದಿಂದ ಅಳೆಯುತ್ತೇವೆ, ಪಾಶ್ಚಾತ್ಯ ಸಂಗೀತದಲ್ಲಿ ಯಾವ ಸ್ವರದಿಂದ ಬೇಕಾದರೂ ಅಳೆಯುತ್ತಾರೆ. ನೀವು ಮೊದಲು ಕಲಿತ ಮಾಯಾಮಾಳವಗೌಳ ರಾಗವನ್ನೇ ನೋಡಿ: ಸ-ಪ ಮಾತ್ರವಲ್ಲ, ರಿ-ದ, ಗ-ನಿ, ಮ-ಮೇಲಿನ ಸ, ಈ ಎಲ್ಲ ಜೋಡಿಗಳ ನಡುವೆಯೂ ಅದೇ 7 ಕೀಗಳ ದೂರ. ಸರಿಗಮ ಎಂಬ ಅರ್ಧ ಹೇಗಿದೆಯೋ ಪದನಿಸ ಎಂಬ ಅರ್ಧವೂ ಹಾಗೆಯೇ ಇದೆ. ಈ ನಾಲ್ಕು ಜೋಡಿಗಳನ್ನು ಹಾಡಿ ನೋಡಿ, ಪಂಚಮದ ದೂರ ಎಲ್ಲಿ ಸಿಕ್ಕಿದರೂ ಕಿವಿ ಗುರುತು ಹಿಡಿಯುತ್ತದೆ.

ಕೆಲವು ಜೋಡಿಗಳು ಯಾಕೆ ಅಷ್ಟು ಚೆನ್ನಾಗಿ ಸೇರುತ್ತವೆ? ಲೆಕ್ಕಕ್ಕೆ ಸುಲಭವಾಗಲಿ ಎಂದು ಷಡ್ಜ ಸೆಕೆಂಡಿಗೆ 240 ಕಂಪನ ಎಂದುಕೊಳ್ಳಿ. ತಂತಿಯಾಗಲಿ ಗಂಟಲಾಗಲಿ ಆ ಒಂದನ್ನೇ ಕೊಡುವುದಿಲ್ಲ, ಜೊತೆಗೆ 480, 720, 960, 1200 ಹೀಗೆ ಅದರ ಗುಣಕಗಳೂ ನುಡಿಯುತ್ತವೆ. ಶುದ್ಧ ಪಂಚಮ 360. ಅದರ ಇಮ್ಮಡಿ 720, ಷಡ್ಜದ ಮುಮ್ಮಡಿಯೂ 720. ಎರಡೂ ಒಂದೇ ಜಾಗದಲ್ಲಿ ಕೂರುತ್ತವೆ. 3:2 ಎಂಬ ಅನುಪಾತದ ಗುಟ್ಟು ಇದು. ಶುದ್ಧವಾದ ಅಂತರ ಗಾಂಧಾರ 5:4, ಅಂದರೆ 300. ಅದರ ನಾಲ್ಕು ಪಟ್ಟು ಷಡ್ಜದ ಐದು ಪಟ್ಟಿಗೆ ಸಮ, 1200. ಶ್ರುತಿ ಸೇರಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳುವುದೂ ಇದರಿಂದಲೇ.

ಕೀಬೋರ್ಡಿನ ಗಾಂಧಾರ ಇಷ್ಟು ಶುದ್ಧವಲ್ಲ. ಆಕ್ಟೇವನ್ನು 12 ಸಮಪಾಲು ಮಾಡಿರುವುದರಿಂದ ಅದು ಸುಮಾರು 302.4ಕ್ಕೆ ನಿಲ್ಲುತ್ತದೆ. ಅದರ ನಾಲ್ಕು ಪಟ್ಟು 1209ರ ಮೇಲೆ ಹೋಗಿ ಷಡ್ಜದ 1200ರ ಜೊತೆ ಸೆಕೆಂಡಿಗೆ 9ಕ್ಕಿಂತ ಹೆಚ್ಚು ಬಾರಿ ನಡುಗುತ್ತದೆ. ಆರ್ಗನ್ ಧ್ವನಿ ಇಟ್ಟು ಎರಡೂ ಕೀ ಒತ್ತಿ ಹಿಡಿದರೆ ಈ ನಡುಕ ಕಿವಿಗೆ ಬೀಳುತ್ತದೆ. ಪಂಚಮದಲ್ಲಿ ಇದೇ ತಪ್ಪು ಸೆಕೆಂಡಿಗೆ ಒಂದು ನಡುಕಕ್ಕಿಂತಲೂ ಕಡಿಮೆ. ನಮ್ಮೂರ ಯಕ್ಷಗಾನದ ಹಿಮ್ಮೇಳದಲ್ಲಿ ಹಾರ್ಮೋನಿಯಂ ಬರೀ ಸ-ಪ ಹಿಡಿದು ನಿಂತಾಗ ಮದ್ದಳೆಗೂ ಭಾಗವತರ ಗಂಟಲಿಗೂ ತೊಂದರೆ ಆಗದಿರಲು ಇದೂ ಒಂದು ಕಾರಣ. ಗಾಂಧಾರವನ್ನು ಭಾಗವತರು ತಮ್ಮ ಕಿವಿ ಹೇಳಿದ ಜಾಗದಲ್ಲೇ ಇಡುತ್ತಾರೆ.

ಇನ್ನು ಹಾರ್ಮನಿ. ನಮ್ಮಲ್ಲಿ ಬೇಳದ ಇಗರ್ಜಿಯಂಥ ಕಡೆ ಕೊಂಕಣಿ ಹಾಡುಗಳನ್ನು ಕೇಳಿದವರಿಗೆ ಇದು ಹೊಸದಲ್ಲ: ಒಬ್ಬರು ಧಾಟಿ ಹಾಡುವಾಗ ಇನ್ನೊಬ್ಬರು ಅದರ ಕೆಳಗೋ ಮೇಲೋ ಬೇರೆ ಸ್ವರದಲ್ಲಿ ಸಾಗುತ್ತಾರೆ. ಶಂಕರಾಭರಣ ರಾಗದ ಸ್ವರಗಳಲ್ಲಿ ಒಂದು ಬಿಟ್ಟು ಒಂದರಂತೆ ಮೂರನ್ನು ಒಟ್ಟಿಗೆ ಹಿಡಿಯಿರಿ, ಅಂಥ ಗುಂಪೇ ಕಾರ್ಡ್. ಸ-ಗ-ಪ ಒಂದು ಕಾರ್ಡ್, ಮ-ದ-ಸ ಇನ್ನೊಂದು, ಪ-ನಿ-ರಿ ಮತ್ತೊಂದು. ಮೂರರಲ್ಲೂ ಮೊದಲ ಸ್ವರದಿಂದ ನಡುವಿನದಕ್ಕೆ 4 ಕೀಗಳ ದೂರ, ಹಾಗಾಗಿ ಮೂರೂ ಮೇಜರ್. ಮೊದಲನೆಯದರಲ್ಲಿ ಗಾಂಧಾರವನ್ನು ಒಂದು ಕೀ ಇಳಿಸಿ ಸಾಧಾರಣ ಗಾಂಧಾರ ಮಾಡಿದರೆ ಅದು ಮೈನರ್.

ಮಕ್ಕಳು ಜಾರುವುದು ಇಲ್ಲಿಯೇ. ಮ-ದ-ಸ ನುಡಿಸಿದ ಕೂಡಲೇ ಅದು ಅವರ ಕಿವಿಗೆ ಇನ್ನೊಂದು ಸ-ಗ-ಪ ಆಗಿಬಿಡುತ್ತದೆ, ಯಾಕೆಂದರೆ ಒಳಗಿನ ದೂರಗಳು ಒಂದೇ. ಹಾಗಾದರೆ ಆಧಾರ ಷಡ್ಜ ಕೈಬಿಟ್ಟಿತು. ಕೈಬಿಡದೆ ಅದನ್ನು ಮ-ದ-ಸ ಎಂದೇ ಕೇಳುವುದು ಟೋನಾಲಿಟಿ. ಎಡಗೈಯಲ್ಲಿ ಕಾರ್ಡ್ ಬದಲಿಸುತ್ತಾ ಬಾಯಲ್ಲಿ ಸ ಒಂದನ್ನೇ ಹಿಡಿದು ನೋಡಿ. ಸ-ಗ-ಪದಲ್ಲಿ ಅದು ನೆಮ್ಮದಿಯಾಗಿರುತ್ತದೆ. ಮ-ದ-ಸದಲ್ಲಿಯೂ ಸೇರುತ್ತದೆ, ಆದರೆ ಅದರ ಕೆಲಸ ಈಗ ಪಂಚಮದ್ದು. ಪ-ನಿ-ರಿ ಬಂದಾಗ ನಿಷಾದ ಪಕ್ಕದ ಕೀಯಲ್ಲೇ ಇದ್ದು ನಿಮ್ಮ ಸ ಜೊತೆ ತಿಕ್ಕಾಡುತ್ತದೆ. ಅದಕ್ಕೆ ಮೇಲಿನ ಮ ಸೇರಿಸಿ ಪ-ನಿ-ರಿ-ಮ ಮಾಡಿದರೆ ತಿಕ್ಕಾಟ ಇನ್ನೂ ಹೆಚ್ಚು. ಆಮೇಲೆ ನಿ ಒಂದು ಕೀ ಮೇಲೇರಿ ಸ ಆಗಲಿ, ಮ ಒಂದು ಕೀ ಇಳಿದು ಗ ಆಗಲಿ: ಹಾಡು ಮುಗಿದ ಭಾವ ಬರುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಎಷ್ಟೋ ಹಾಡುಗಳು ಈ ಎಳೆತದ ಮೇಲೆ ನಿಂತಿವೆ. ನನಗಂತೂ ಇಡೀ ಶಾಸ್ತ್ರದಲ್ಲಿ ಇದಕ್ಕಿಂತ ಸುಂದರವಾದ ಜಾಗ ಇಲ್ಲ.

ಷಡ್ಜವನ್ನು ಬೇಕೆಂದೇ ಸರಿಸುವುದೂ ಉಂಟು, ಅದು ಮಾಡ್ಯುಲೇಶನ್. ಪುನ್ನಾಗವರಾಳಿ, ಚೆಂಜುರುಟಿ ಹಾಡುವಾಗ ಮಧ್ಯಮ ಶ್ರುತಿ ಹಿಡಿಯುತ್ತಾರಲ್ಲ, ಅಲ್ಲಿ ಮಧ್ಯಮವೇ ಷಡ್ಜ. ಗ್ರಹಭೇದವನ್ನೂ ಪ್ರಯೋಗಿಸಿ: ಮೋಹನದ ಐದು ಸ್ವರಗಳನ್ನು ಬದಲಿಸದೆ ರಿಷಭವನ್ನು ಷಡ್ಜ ಮಾಡಿದರೆ ಮಧ್ಯಮಾವತಿ, ಗಾಂಧಾರವನ್ನು ಮಾಡಿದರೆ ಹಿಂದೋಳ, ಪಂಚಮವನ್ನು ಮಾಡಿದರೆ ಶುದ್ಧ ಸಾವೇರಿ. ಕೀಗಳು ಅವೇ, ಆಧಾರ ಬೇರೆ, ಭಾವವೇ ಬೇರೆ.

ಸಿಕ್ಕ ರಾಗಕ್ಕೆಲ್ಲ ಕಾರ್ಡ್ ಹಾಕಲು ಮಾತ್ರ ಹೋಗಬೇಡಿ. ತೋಡಿಯ ಗಾಂಧಾರ ಒಂದು ಕೀಯಲ್ಲಿ ನಿಲ್ಲುವಂಥದ್ದಲ್ಲ, ಅದರ ಕೆಳಗೆ ಕಾರ್ಡ್ ಇಟ್ಟರೆ ಸ್ವರವನ್ನು ಆಡಿಸುವ ಗಮಕಕ್ಕೆ ಜಾಗವೇ ಉಳಿಯುವುದಿಲ್ಲ. ಅಂಥಲ್ಲಿ ಸ-ಪ ಸಾಕು. ಅಭ್ಯಾಸಕ್ಕೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳನ್ನು ತೆಗೆದುಕೊಳ್ಳಿ. ಪಾಶ್ಚಾತ್ಯ ಧಾಟಿಗಳಿಗೆ ಅವರು ಸಂಸ್ಕೃತ ಸಾಹಿತ್ಯ ಕೂರಿಸಿದ ರಚನೆಗಳವು. ಶಂಕರಾಭರಣದ ಸ್ವರಗಳು, ಗಮಕ ಕಡಿಮೆ. ಬ್ರಿಟಿಷ್ ರಾಷ್ಟ್ರಗೀತೆಯ ಧಾಟಿಯಲ್ಲಿರುವ ‘ಸಂತತಂ ಪಾಹಿ ಮಾಂ’ನಿಂದ ಶುರು ಮಾಡಿ. ‘ಬಿಳಿ ಒಂದು’ ಎನ್ನುವ ಕೀಯನ್ನು (ಎರಡು ಕಪ್ಪು ಕೀಗಳ ಗುಂಪಿನ ಎಡಕ್ಕಿರುವ ಸಿ) ಷಡ್ಜ ಮಾಡಿಕೊಂಡರೆ ಸ್ವರಗಳೆಲ್ಲ ಬಿಳಿ ಕೀಗಳಲ್ಲೇ ಸಿಗುತ್ತವೆ. ಮೊದಲು ಆ ಮೂರು ಕಾರ್ಡ್‌ಗಳನ್ನಷ್ಟೇ ಬಳಸಿ, ಎಲ್ಲಿ ಯಾವುದು ಹೊಂದುತ್ತದೆ ಎಂದು ಕಿವಿಯಿಂದಲೇ ಹುಡುಕಿ. ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ಆ ಸಾಲಿನ ಸ್ವರ ಬರೆದು ಕೆಳಗೆ ಕೇಳಿ, ಕೂತು ನೋಡಿ ಹೇಳುತ್ತೇನೆ.