ಆನ್‌ಲೈನ್ ಎಸ್ಕೇಪ್ ರೂಮ್ ಆಡಿಸಿ ಇಂಗ್ಲಿಷ್ ಕಲಿಸಬಹುದೇ?

ಮುಂಬೈಯ ಕನ್ನಡದವರಿಗೆ ಆನ್‌ಲೈನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೀರಿ, ಒಗಟು ಬಿಡಿಸಿ ಒಂದೊಂದೇ ಬೀಗ ತೆಗೆದು ಹೊರಬರುವ ಈ ಆಟ ಪಾಠಕ್ಕೆ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ. ಆದರೆ ಇಂಗ್ಲಿಷ್ ಇಲ್ಲದೆ ಬೀಗ ತೆಗೆಯಲು ಆಗಬಾರದು. ನಾನು ಎಡವಿದ್ದು ಅಲ್ಲೇ.

ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಿಂದ ವಾರಕ್ಕೆ ಎರಡು ರಾತ್ರಿ ಜೂಮ್‌ನಲ್ಲಿ ಕಲಿಸುತ್ತೇನೆ. ಹೆಚ್ಚಿನವರು ಹೋಟೆಲಿನವರು. ಮೊದಲ ಆಟಕ್ಕೆ ಸುಮ್ನೆ ಚಿತ್ರ, ಲೆಕ್ಕ, ಒಗಟು ಹಾಕಿದ್ದೆ. ಗಲ್ಲಾದಲ್ಲಿ ಕೂರುವ ಒಬ್ಬರು ಐದೇ ನಿಮಿಷದಲ್ಲಿ ಮುಗಿಸಿಬಿಟ್ಟರು. ಬಾಯಿಂದ ಒಂದು ಇಂಗ್ಲಿಷ್ ಪದ ಬರಲಿಲ್ಲ!

ಈಗ ಕಥೆ ಬೇರೆ. ಲೋಕಲ್‌ನಲ್ಲಿ ಬ್ಯಾಗು ಮರೆತಿದೆ, ಯಾವ ಟ್ರೇನು, ಯಾವ ಡಬ್ಬ ಹುಡುಕಬೇಕು. ನಾಲ್ಕು ಬೀಗ, 20 ನಿಮಿಷ. ಮೂವರಿಗೊಂದು ಬ್ರೇಕ್‌ಔಟ್ ರೂಮ್, ಅಂದರೆ ಜೂಮ್‌ನೊಳಗೇ ಒಂದು ಬೇರೆ ಕೋಣೆ. ಒಬ್ಬರ ವಾಟ್ಸಾಪಿಗೆ ಟೈಮ್‌ಟೇಬಲ್, ಇನ್ನೊಬ್ಬರಿಗೆ ಅನೌನ್ಸ್‌ಮೆಂಟಿನ ಆಡಿಯೋ, ಮತ್ತೊಬ್ಬರಿಗೆ ಬ್ಯಾಗು ಕಳಕೊಂಡವನ ಮೆಸೇಜು. ಫಾರ್ವರ್ಡ್ ಮಾಡುವ ಹಾಗಿಲ್ಲ. ಬಾಯಲ್ಲೇ ಕೇಳಬೇಕು, ಬಾಯಲ್ಲೇ ಹೇಳಬೇಕು.

ಮೆಸೇಜಿನಲ್ಲಿ ಅವನು ಟ್ರೇನಿನಿಂದ ಇಳಿದದ್ದು 'ಕ್ವಾರ್ಟರ್ ಟು ಏಯ್ಟ್' ಅಂತಿತ್ತು. ಕುಂದಾಪುರದ ಹುಡುಗ ಕ್ವಾರ್ಟರ್ ಅಂದರೆ ಕಾಲು ಅಂತ 815 ಒತ್ತಿದ. ತೆಗೆಯಲಿಲ್ಲ. ಮತ್ತೆ ಒತ್ತಿದ, ಇಲ್ಲ. ಕೊನೆಗೆ ಅವನೇ 'ಬಿಫೋರ್ ಏಯ್ಟ್? ಆಫ್ಟರ್ ಏಯ್ಟ್?' ಅಂತ ಕೇಳಿದ. ಅಷ್ಟರಲ್ಲಿ ಇಲ್ಲೇ ಹುಟ್ಟಿ ಬೆಳೆದ ಹುಡುಗಿ, "ಅಣ್ಣಾ, ಮರಾಠಿಯಲ್ಲಿ ಪಾವಣೆ ಆಠ್ ಅಂತಾರಲ್ಲ, ಅದೇ" ಅಂದಳು. ಹೌದಲ್ವಾ! ನಾವು ಏಳನ್ನು ಹಿಡಿದು ಏಳೂಮುಕ್ಕಾಲು ಅನ್ನುತ್ತೇವೆ. ಇಂಗ್ಲಿಷು, ಮರಾಠಿ ಎರಡೂ ಎಂಟನ್ನು ಹಿಡಿಯುತ್ತವೆ. ಇಷ್ಟು ವರ್ಷ ಕಲಿಸಿದ ನನಗೂ ಅದು ಹೊಳೆದಿರಲಿಲ್ಲ.

ದುಡ್ಡು ಕೊಟ್ಟು ಆ್ಯಪ್ ತಗೊಳ್ಳಬೇಡಿ, ಪ್ರಶ್ನೆ ಹಾಕಿ ಉತ್ತರ ತುಂಬಿಸುವ ಗೂಗಲ್ ಫಾರ್ಮ್ ಸಾಕು. 2020ರ ಲಾಕ್‌ಡೌನಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಪೀಟರ್ಸ್ ಟೌನ್‌ಶಿಪ್ ಲೈಬ್ರರಿಯವರು ಮಾಡಿದ ಎಸ್ಕೇಪ್ ರೂಮ್ ಬಹಳ ಓಡಿತಲ್ಲ, ಅದೂ ಗೂಗಲ್ ಫಾರ್ಮೇ. ಬೀಗಕ್ಕೊಂದು ಸೆಕ್ಷನ್ ಮಾಡಿ, ಶಾರ್ಟ್ ಆನ್ಸರ್ ಪ್ರಶ್ನೆ ಹಾಕಿ, ರಿಕ್ವೈರ್ಡ್ ಒತ್ತಿ. ಉತ್ತರ ಸರಿಯೇ ಅಂತ ನೋಡುವ ರೆಸ್ಪಾನ್ಸ್ ವ್ಯಾಲಿಡೇಶನ್‌ನಲ್ಲಿ ನಂಬರ್, ಈಕ್ವಲ್ ಟು, 745. ತಪ್ಪಾದರೆ ಮುಂದಿನ ಪುಟಕ್ಕೆ ಬಿಡುವುದಿಲ್ಲ. ಎರರ್ ಟೆಕ್ಸ್ಟ್ ಜಾಗದಲ್ಲಿ ಒಂದು ಸುಳಿವು ಬರೆಯಿರಿ. ಉತ್ತರ ಆದಷ್ಟು ಅಂಕಿಯಲ್ಲೇ ಇರಲಿ. ಪದ ಇಟ್ಟರೆ ಗೊತ್ತಿದ್ದವರೂ ಸ್ಪೆಲಿಂಗಿನಲ್ಲಿ ಸಿಕ್ಕಿಬೀಳುತ್ತಾರೆ, ಆಮೇಲೆ ಸಿಟ್ಟು ನಿಮ್ಮ ಮೇಲೆ.

ಗಡಿಬಿಡಿಯಲ್ಲಿ ಕನ್ನಡ ಬಂದೇ ಬರುತ್ತದೆ, ಬೈಯಬೇಡಿ. ಆ ಮಾತುಗಳನ್ನು ಬರೆದಿಟ್ಟುಕೊಂಡು ಕೊನೆಯ ಹತ್ತು ನಿಮಿಷ ಅವನ್ನೇ ಇಂಗ್ಲಿಷಿನಲ್ಲಿ ಹೇಳಿಸಿ. ಹೋದ ವಾರ ನನ್ನ ಪಟ್ಟಿಯಲ್ಲಿ ಜಾಸ್ತಿ ಸಲ ಇದ್ದದ್ದು 'ಸ್ವಲ್ಪ ತಡೀರಿ, ಇನ್ನೊಮ್ಮೆ ಹೇಳಿ'.