ವಿದೇಶಿ ಸ್ಪೋರ್ಟ್ಸ್ ಕಾರು ನಮ್ಮಲ್ಲಿಗೆ ನೂರೋ ನೂರೈವತ್ತೋ ಮಾತ್ರ ಯಾಕೆ ಬರುತ್ತವೆ? ವಿರಾಜಪೇಟೆಯಲ್ಲಿದ್ದುಕೊಂಡು ಬುಕ್ ಮಾಡಬಹುದಾ?

ನಾನು ಶೋರೂಮಿನವನಲ್ಲ, ಗೋಣಿಕೊಪ್ಪದ ಹತ್ತಿರ ಕಾಫಿ ತೋಟ ನೋಡಿಕೊಂಡಿರುವವನು. ಆದರೆ ನಮ್ಮ ಮನೆಯಲ್ಲಿ ಈ ಹುಚ್ಚು ಹಳೆಯದು, ಅದಕ್ಕೇ ಬರೆಯುತ್ತಿದ್ದೇನೆ.

ಆಸೆ ಹುಟ್ಟಿಸೋಕೆ ಬೇಕಂತಲೇ ಕಡಿಮೆ ತರಿಸ್ತಾರೆ ಅಂತಾರೆ ಜನ. ಸ್ವಲ್ಪ ನಿಜ. ಜಾಸ್ತಿ ಇರೋದು ಭಯ. ಹಡಗಿನಿಂದ ಇಳಿಸಿದ ಕಾರು ಹಾಗೇ ಉಳಿದುಬಿಟ್ಟರೆ? ಫೋಕ್ಸ್‌ವ್ಯಾಗನ್‌ನವರಿಗೆ ಇದರ ಅನುಭವ ಇದೆ. 2016ರಲ್ಲಿ ಪೋಲೋ ಜಿಟಿಐ (ಅವರದೇ ಸಣ್ಣ ಕಾರು ಪೋಲೋದ ಸ್ಪೋರ್ಟ್ಸ್ ರೂಪ) ತಂದರು, ಬರೀ 99 ಕಾರು, ಬೆಲೆ 25.99 ಲಕ್ಷ. ಅಷ್ಟು ದುಡ್ಡಿಗೆ ಎರಡು ಬಾಗಿಲಿನ ಪೋಲೋನಾ ಅಂತ ಜನ ಹಿಂದೆ ಸರಿದರು. ಮುಂದಿನ ವರ್ಷ 19.99 ಲಕ್ಷಕ್ಕೆ ಇಳಿಸಬೇಕಾಯಿತು. 2025ರಲ್ಲಿ ಅದೇ ಕಂಪನಿ ಗಾಲ್ಫ್ ಜಿಟಿಐ ತಂದಾಗ ಮೊದಲ 150 ಕಾರು, ಬೆಲೆ ಹೇಳೋದಕ್ಕೂ ಮುಂಚೆಯೇ ಬುಕ್ ಆಗಿಹೋದವು. ಆಮೇಲೆ ಹೇಳಿದ ಬೆಲೆ ಸುಮಾರು 53 ಲಕ್ಷ! ಅದೇ ವರ್ಷ ಅಕ್ಟೋಬರ್‌ನಲ್ಲಿ ಸ್ಕೋಡಾದ ಆಕ್ಟೇವಿಯಾ ಆರ್‌ಎಸ್, 49.99 ಲಕ್ಷ, 100 ಕಾರು. ಅವೂ ಖಾಲಿ. ಒಂಬತ್ತು ವರ್ಷದಲ್ಲಿ ಗಿರಾಕಿ ಇಷ್ಟು ಬದಲಾಗ್ತಾನೆ ಅಂತ ಯಾರೂ ಮೊದಲೇ ಹೇಳಲಾರರು. ಹಾಗಾಗಿ ಕೈಯಳತೆಯಲ್ಲಿ ತರುತ್ತಾರೆ.

ಇನ್ನೊಂದು ಕಾರಣ ಸರ್ಕಾರದ ನಿಯಮ. ಹೊಸ ಮಾಡೆಲ್ ಇಲ್ಲಿ ಮಾರಬೇಕಾದರೆ ಹೋಮೋಲೋಗೇಶನ್ ಅಂತ ಇಲ್ಲಿಯ ಪರೀಕ್ಷೆ ಪಾಸಾಗಬೇಕು, ಅದಕ್ಕೆ ಖರ್ಚೂ ಕಾಲವೂ ಬೇಕು. 2018ರಲ್ಲಿ ಒಂದು ರಿಯಾಯಿತಿ ಬಂತು: ಯುರೋಪ್, ಜಪಾನಿನಂಥ ಕಡೆ ಪಾಸಾದ, ಬಲಗಡೆ ಸ್ಟೇರಿಂಗ್ ಇರುವ ಕಾರನ್ನು ಒಂದು ಕಂಪನಿ ವರ್ಷಕ್ಕೆ 2,500ರ ತನಕ ಆ ಪರೀಕ್ಷೆ ಇಲ್ಲದೆ ತರಬಹುದು. ಈ ಬಾಗಿಲು ಇರೋದರಿಂದಲೇ ಇಂಥ ಕಾರುಗಳು ನಮಗೆ ಕಾಣಿಸುತ್ತಿವೆ.

ಬೆಲೆ ಲೆಕ್ಕ ನೀವೇ ಹಾಕಿ ನೋಡಿ. ಬಂದರಿಗೆ ಬಂದಾಗ ಕಾರು 20 ಲಕ್ಷ ಅಂದುಕೊಳ್ಳಿ. ಆಮದು ಸುಂಕ 70% ಸೇರಿ 34. ಅದರ ಮೇಲೆ 2025ರ ಸೆಪ್ಟೆಂಬರ್ ನಂತರದ 40% ಜಿಎಸ್‌ಟಿ, 47.6. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್ ಟ್ಯಾಕ್ಸ್ 18%, ಅಲ್ಲಿಗೆ 56 ಲಕ್ಷ ದಾಟಿತು. ಡೀಲರ್ ಲಾಭ, ಇನ್ಶೂರೆನ್ಸ್ ಇನ್ನೂ ಬಾಕಿ. ನಮ್ಮ ಕೊಡಗಿನ ಕೆಎ-12 ನಂಬರ್ ಪ್ಲೇಟ್ ಹಾಕೋ ಹೊತ್ತಿಗೆ ಕಾರಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ತೆರಿಗೆಗೆ ಹೋಗಿರುತ್ತೆ. ರೋಬಸ್ಟಾ ಕಾಫಿ ರೇಟು ಚೆನ್ನಾಗಿದ್ದ ವರ್ಷ ಇದು ಯಾರ ಕಣ್ಣಿಗೂ ಬೀಳೋದಿಲ್ಲ, ಅದು ಬೇರೆ ಮಾತು.

ಈಗ ವಿರಾಜಪೇಟೆ. ನನ್ನ ಚಿಕ್ಕಪ್ಪನ ಮಗ ಸೆಕೆಂಡ್ ಹ್ಯಾಂಡ್‌ನಲ್ಲಿ ಇಂಥದ್ದೇ ಒಂದು ಕಾರು ತಂದ. ಯಾವ ಕಂಪನಿ ಅಂತ ಬೇಡ. ಸಂಪಾಜೆ ಘಾಟಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ಕೂರಿಸಿಕೊಂಡು ಹೋದ. ತಿರುವಿನಲ್ಲಿ ಗೇರ್ ಇಳಿಸಿ ಆಕ್ಸಿಲರೇಟರ್ ಒತ್ತಿದಾಗ ಬೆನ್ನು ಸೀಟಿಗೆ ಅಂಟಿಕೊಂಡಿತು, ಬಾಯಲ್ಲಿ ಮಾತಿಲ್ಲ. ಕೊಟ್ಟ ದುಡ್ಡು ಅಲ್ಲಿ ವಸೂಲಾಯ್ತು ಅನ್ನಿಸಿತು. ತೋಟದ ಗೇಟಿಗೆ ಬಂದಾಗ ಕಥೆ ಬೇರೆ. ಗೇಟಿನ ಮುಂದೆ ಮೋರಿ, ಅದರ ಮೇಲಿನ ಕಲ್ಲು ಚಪ್ಪಡಿ ಸ್ವಲ್ಪ ಎತ್ತರ. ಕರ್ರ್ ಅಂತ ಸದ್ದು. ಇಳಿದು ನೋಡಿದರೆ ಮುಂದಿನ ಬಂಪರಿನ ಕೆಳತುಟಿ ಸೀಳಿತ್ತು. ಹೊಸ ಬಂಪರ್ ಹೊರಗಿನಿಂದಲೇ ಬರಬೇಕು ಅಂದರು. ಬಂದಿದ್ದು ಎರಡೂವರೆ ತಿಂಗಳ ಮೇಲೆ. ಅಷ್ಟು ದಿನ ಕಾರು ಮೈಸೂರಿನಲ್ಲಿ, ಅವನು ಜೀಪಿನಲ್ಲಿ.

ಹಾಗಾಗಿ ಬುಕ್ ಮಾಡೋ ಮುಂಚೆ ಟೇಪ್ ಹಿಡಿದು ನಿಮ್ಮ ಮನೆ ದಾರಿ ಅಳೆಯಿರಿ. ಸರ್ವಿಸಿಗೆ ಮೈಸೂರಿಗೋ ಮಂಗಳೂರಿಗೋ ಇಳಿಯಬೇಕು. ಟ್ಯಾಂಕ್ ಮುಚ್ಚಳದ ಒಳಗೆ ಎಷ್ಟು ಆಕ್ಟೇನ್ (ಪೆಟ್ರೋಲಿನ ದರ್ಜೆ ಹೇಳುವ ಸಂಖ್ಯೆ) ಅಂತ ಬರೆದಿದೆ ನೋಡಿ. ಈ ಕಾರುಗಳು ಸಾಮಾನ್ಯವಾಗಿ 95 ಇಲ್ಲವೇ ಅದಕ್ಕಿಂತ ಮೇಲಿನದು ಕೇಳುತ್ತವೆ, ನಿಮ್ಮ ಬಂಕಿನಲ್ಲಿ ಸಿಗುತ್ತಾ ವಿಚಾರಿಸಿ. ಮಳೆಗಾಲದಲ್ಲಿ ಕೇರಳದ ಕಡೆ ಇಳಿಯುವ ಮಾಕುಟ್ಟ ರಸ್ತೆ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ ಅಲ್ವಾ. ಇಷ್ಟಾದರೂ ಮನಸ್ಸು ಕೇಳದಿದ್ದರೆ ಬುಕ್ ಮಾಡಿ, ನಾನು ಬೇಡ ಅನ್ನೋದಿಲ್ಲ. ಚಿಕ್ಕಪ್ಪನ ಮಗನಂತೂ ಕಾರು ಮಾರಿಲ್ಲ. ಸಿಲ್ವರ್ ಓಕ್‌ನ ಎರಡು ಹಲಗೆ ಕೊಯ್ಯಿಸಿ ಗೇಟಿನ ಪಕ್ಕ ಇಟ್ಟಿದ್ದಾನೆ. ಕಾರು ಬಂದಾಗೆಲ್ಲ ಯಾರಾದರೂ ಓಡಿಹೋಗಿ ಮೋರಿಗೆ ಹಲಗೆ ಹಾಕ್ತಾರೆ.