ಬಡಾವಣೆಯ ಸರ್ಕಾರಿ ಶಾಲೆಯಲ್ಲಿ ನಿಂತುಹೋದ ಸಂಗೀತ ಪಾಠವನ್ನು ಮತ್ತೆ ಶುರು ಮಾಡಲು ನಾವೇನು ಮಾಡಬಹುದು?

ನಿಮ್ಮ ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹಾಡು ಹೇಳಿಕೊಡುತ್ತಿದ್ದ ಟೀಚರ್ ನಿವೃತ್ತರಾದರು, ಅಲ್ಲಿಗೆ ಪಾಠವೂ ನಿಂತಿತು, ಈಗ ಅಕ್ಕಪಕ್ಕದ ಮನೆಯವರು ಒಂದಷ್ಟು ದುಡ್ಡು ಕೂಡಿಸಿದ್ದೀರಿ, ಅದರಲ್ಲಿ ಕೀಬೋರ್ಡು, ತಬಲಾ ಕೊಡಿಸೋಣವಾ ಅಂತ ಕೇಳಿದ್ದೀರಿ. ಕೊಡಿಸಬೇಡಿ. ಈಗಲೇ ಬೇಡ. ಮೊದಲು ಪಾಠ ಹೇಳುವವರ ಸಂಬಳಕ್ಕೆ ದಾರಿ ನೋಡಿ.

ದಕ್ಷಿಣ ಬೆಂಗಳೂರಿನ ಒಂದು ಸರ್ಕಾರಿ ಶಾಲೆಯ ಎಸ್‌ಡಿಎಂಸಿಯವರ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಜೊತೆ ಇದೇ ಕೆಲಸಕ್ಕೆ ಕೆಲವು ವರ್ಷ ಓಡಾಡಿದ್ದೇನೆ. ಆ ಅನುಭವದಿಂದ ಹೇಳುತ್ತಿದ್ದೇನೆ. ವಾದ್ಯ ಕೊಡೋದು ಸುಲಭ. ಒಂದು ದಿನದ ಕೆಲಸ. ಶಾಲು, ಹಾರ, ಗ್ರೂಪ್ ಫೋಟೋ, ಮುಗೀತು. ಆದರೆ ಮಾರನೇ ದಿನದಿಂದ ಅದು ಎಚ್‌ಎಂ, ಅಂದರೆ ಮುಖ್ಯ ಶಿಕ್ಷಕರ ತಲೆ ಮೇಲೆ. ದಾಸ್ತಾನು ಪುಸ್ತಕದಲ್ಲಿ ಬರೆದುಕೊಂಡ ಮೇಲೆ ಕಳೆದರೂ ಮುರಿದರೂ ಲೆಕ್ಕ ಕೊಡಬೇಕಾದವರು ಅವರೇ ಅಲ್ವಾ? ನುಡಿಸಲು ಬರುವವರು ಶಾಲೆಯಲ್ಲಿ ಯಾರೂ ಇಲ್ಲದಿದ್ದರೆ ಅವರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ನೀವಾದರೂ ಅದನ್ನೇ ಮಾಡುತ್ತೀರಿ. ಆಮೇಲೆ ಅವರಿಗೆ ವರ್ಗಾವಣೆ ಆಗುತ್ತದೆ, ಹೊಸದಾಗಿ ಬಂದವರಿಗೆ ಆ ಬೀರುವಿನಲ್ಲಿ ಏನಿದೆ ಅಂತಲೂ ಗೊತ್ತಿರುವುದಿಲ್ಲ.

ಇದು ಸರ್ಕಾರ ಮಾಡಬೇಕಾದ ಕೆಲಸ, ನಾವ್ಯಾಕೆ ದುಡ್ಡು ಹಾಕಬೇಕು ಅಂತ ನಿಮ್ಮಲ್ಲೇ ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಸ್ಪಷ್ಟವಾಗಿ ಇದೆ: 6ರಿಂದ 8ನೇ ತರಗತಿವರೆಗೆ 100ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು. ಹಾಗಾಗಿ ದುಡ್ಡು ಕೂಡಿಸುತ್ತಲೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಎಸ್‌ಡಿಎಂಸಿ ಕಡೆಯಿಂದ ಒಂದು ಅರ್ಜಿಯನ್ನೂ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ, ವರ್ಷ ವರ್ಷ ಕೊಡಿ. ಆದರೆ ಸರ್ಕಾರದಿಂದ ಬೋಧಕರು ಬರೋವರೆಗೆ ಕಾಯ್ದರೆ ಈಗ ಆರನೇ ಕ್ಲಾಸಿನಲ್ಲಿರುವ ಮಗು ಶಾಲೆ ಬಿಟ್ಟು ಹೋಗಿರುತ್ತದೆ.

ದುಡ್ಡಿನ ವಿಷಯ. ಒಂದೇ ಸಲ ದೊಡ್ಡ ಮೊತ್ತ ಎತ್ತುವುದಕ್ಕಿಂತ ತಿಂಗಳು ತಿಂಗಳು ಚಿಕ್ಕ ಮೊತ್ತ ಒಳ್ಳೆಯದು. ತಿಂಗಳಿಗೆ 200 ರೂಪಾಯಿ ಕೊಡುವ 50 ಮನೆ ಸಿಕ್ಕರೆ 10,000 ಆಯಿತು. ವಾರಕ್ಕೆ ಎರಡು ದಿನ ಬಂದು ಪಾಠ ಹೇಳುವವರಿಗೆ ಅಲ್ಲಿಂದ ಮಾತು ಶುರು ಮಾಡಬಹುದು. ಈಗ ಕೂಡಿಸಿರುವುದನ್ನು ಮುಟ್ಟದೆ ಹಾಗೇ ಇಡಿ, ಯಾವುದಾದರೂ ತಿಂಗಳು ವಂತಿಗೆ ಕಮ್ಮಿ ಬಿದ್ದರೆ ಅದರಿಂದ ತುಂಬಿಸಿ. ಕೊಡುವುದೆಲ್ಲ ಎಸ್‌ಡಿಎಂಸಿ ಖಾತೆಗೇ ಹೋಗಲಿ, ಸಭೆಯಲ್ಲಿ ನಡಾವಳಿ ಬರೆಸಿ. ಆ ಸಮಿತಿಯಲ್ಲಿ ಜಾಸ್ತಿ ಜನ ಪೋಷಕರೇ ಇರುತ್ತಾರೆ, ಅವರಿಗೆ ಬೇಕು ಅನ್ನಿಸದೆ ನೀವು ಹೊರಗಿನಿಂದ ಎಷ್ಟು ತಳ್ಳಿದರೂ ಗಾಡಿ ಮುಂದೆ ಹೋಗುವುದಿಲ್ಲ.

ಸಂಬಳ ಯಾಕೆ, ಪುಕ್ಕಟೆ ಹೇಳಿಕೊಡುವವರು ಇದ್ದಾರಲ್ಲ ಅನ್ನಬಹುದು. ಇದ್ದಾರೆ. ಬಸವನಗುಡಿ, ಜಯನಗರ, ಮಲ್ಲೇಶ್ವರದ ಕಡೆ ಬೀದಿಗೊಬ್ಬರು ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆ ಪಾಸು ಮಾಡಿದವರು ಸಿಗುತ್ತಾರೆ. ಒಳ್ಳೆ ಮನಸ್ಸಿನವರೇ. ಆದರೆ ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋದರೆ ಆರು ತಿಂಗಳು ಪಾಠ ಇಲ್ಲ, ಕೇಳುವ ಹಾಗೂ ಇಲ್ಲ! ಸಂಬಳ ಕೊಟ್ಟರೆ ಯಾಕೆ ಬರಲಿಲ್ಲ ಅಂತ ಕೇಳಬಹುದು. ಯಾರೇ ಬರಲಿ, ಪೊಲೀಸ್ ವೆರಿಫಿಕೇಶನ್ ಮಾಡಿಸಿ, ತರಗತಿಯಲ್ಲಿ ಶಾಲೆಯ ಒಬ್ಬ ಟೀಚರ್ ಇರಲಿ. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಇನ್ನು ಏನು ಕಲಿಸಬೇಕು ಅನ್ನೋದು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ನಲವತ್ತು ಮಕ್ಕಳನ್ನು ಕೂರಿಸಿಕೊಂಡು ಮೊದಲ ದಿನವೇ ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಅಂದರೆ ಕರ್ನಾಟಕ ಸಂಗೀತದ ಮೊದಲ ಸ್ವರಪಾಠ, ಶುರು ಮಾಡಿದರೆ ಎರಡನೇ ವಾರಕ್ಕೆ ಅರ್ಧ ಮಕ್ಕಳಿಗೆ ಆಕಳಿಕೆ. ಮನೆ ಪಾಠದ ಕ್ರಮ ತರಗತಿಗೆ ಒಗ್ಗುವುದಿಲ್ಲ. ಮೊದಲು ಹಾಡಿಸಿ. ಜಾನಪದ ಗೀತೆ, ವಚನ, ಭಾವಗೀತೆ. ಹೇಗೂ ದಿನಾ ಬೆಳಗ್ಗೆ ಪ್ರಾರ್ಥನೆಯಲ್ಲಿ ನಾಡಗೀತೆ ಹಾಡುತ್ತಾರೆ, ಅದನ್ನೇ ಶ್ರುತಿ ಬಿಡದೆ, ಓಡದೆ ಹಾಡುವುದು ಹೇಗೆ ಅಂತ ಅಲ್ಲಿಂದಲೇ ಹಿಡಿಯಬಹುದು. ಸರಿಗಮ ಹಿಂದೆಯೇ ಬರುತ್ತದೆ, ಆಸಕ್ತಿ ಇರುವ ಹತ್ತು ಮಕ್ಕಳನ್ನು ಆಮೇಲೆ ಬೇರೆ ಕೂರಿಸಿಕೊಳ್ಳಲಿ.

ಮತ್ತೆ, ಈ ಶಾಲೆಗಳಲ್ಲಿ ಯಾರ ಮಕ್ಕಳಿದ್ದಾರೆ ನೋಡಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಎಷ್ಟೋ ಜನ. ಅವರ ಮನೆಯಲ್ಲಿ ತತ್ವಪದ ಹಾಡುವ ಅಜ್ಜ, ಸೋಬಾನೆ ಹೇಳುವ ಅಮ್ಮ ಇರುತ್ತಾರೆ. ನಾವು ಸಂಗೀತ ಕೊಡುತ್ತೇವೆ ಅಂತ ಹೋಗುತ್ತೇವೆ, ಸಂಗೀತ ಅಲ್ಲಿ ಆಗಲೇ ಇರುತ್ತದೆ. ತಿಂಗಳಿಗೊಮ್ಮೆ ಬ್ಯಾಗಿಲ್ಲದ ಸಂಭ್ರಮ ಶನಿವಾರ ಇದೆಯಲ್ಲ, ಆವತ್ತು ಅಂಥವರನ್ನು ಕರೆಸಿ ಹಾಡಿಸಿ. ಕೂಲಿ ಬಿಟ್ಟು ಬರುತ್ತಾರೆ ಅನ್ನೋದು ನೆನಪಿರಲಿ, ಆ ದಿನದ ಕೂಲಿ ಕೊಡಿ, ಬರೀ ಶಾಲು ಹೊದಿಸಿ ಕಳಿಸಬೇಡಿ. ಉರ್ದು ಮಾತಾಡುವ ಮಕ್ಕಳಿದ್ದರೆ ಶಾಲಾ ಮಕ್ಕಳ ಪ್ರತಿಭಾ ಕಾರಂಜಿ ಸ್ಪರ್ಧೆಯಲ್ಲಿ ಕವ್ವಾಲಿಗೂ ಜಾಗ ಇದೆ.

ವಾದ್ಯ ಯಾವಾಗ? ಒಂದು ವರ್ಷ ಪಾಠ ನಿಲ್ಲದೆ ನಡೆದ ಮೇಲೆ. ಅಲ್ಲಿವರೆಗೆ ಫೋನಿನಲ್ಲಿ ತಂಬೂರಿ ಆ್ಯಪ್, ಒಂದು ಸ್ಪೀಕರ್ ಸಾಕು. ಆಮೇಲೆ ಮೇಷ್ಟ್ರನ್ನೇ ಬಳೇಪೇಟೆಯ ವಾದ್ಯದಂಗಡಿಗಳಿಗೆ ಕರೆದುಕೊಂಡು ಹೋಗಿ, ಅವರಿಗೆ ಬೇಕಾದ ಹಾರ್ಮೋನಿಯಂ, ಢೋಲಕ್ ಅವರೇ ಆರಿಸಲಿ. ರಿಪೇರಿಗೂ ದುಡ್ಡು ಎತ್ತಿಡಿ, ಮಳೆಗಾಲದ ತೇವಕ್ಕೆ ಚರ್ಮವಾದ್ಯ ಶ್ರುತಿಯಲ್ಲಿ ನಿಲ್ಲುವುದೇ ಇಲ್ಲ.

ಸುಮ್ನೆ ಒಂದು ಮಾತು. 1939ರಲ್ಲಿ ಶುರುವಾದ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳನ್ನು ಈ ಊರಿನವರು ದಶಕಗಳ ಕಾಲ ಕೇಳಿದ್ದು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ. ಸಂಗೀತಕ್ಕೆ ಶಾಲೆಯ ಅಂಗಳ ಬಿಟ್ಟುಕೊಟ್ಟ ಊರು ಇದು. ಶಾಲೆಯ ಒಳಗೆ ವಾರಕ್ಕೆ ಎರಡು ಪೀರಿಯಡ್ ಕೇಳುವುದು ದೊಡ್ಡದೇನಲ್ಲ. ನಿಮ್ಮ ಕಡೆಯ ರಸಿಕರ ಹತ್ತಿರ ವಂತಿಗೆಗೆ ಹೋದಾಗ ಇದನ್ನೇ ಹೇಳಿ ನೋಡಿ.

ಆ ಎರಡು ಪೀರಿಯಡ್ ವೇಳಾಪಟ್ಟಿಯಲ್ಲಿ ಬರೆದಿರಬೇಕು. ಬರೆಯದಿದ್ದರೆ ಗಣಿತದವರು ತೆಗೆದುಕೊಂಡು ಹೋಗುತ್ತಾರೆ. ಶಾಲೆ ತೆರೆದ ಮೇಲೆ ಕೇಳಿದರೆ ಪಟ್ಟಿ ಆಗಲೇ ತುಂಬಿರುತ್ತದೆ, ಹಾಗಾಗಿ ಬೇಸಿಗೆ ರಜಕ್ಕೆ ಮುಂಚೆಯೇ, ಮಾರ್ಚ್‌ನಲ್ಲೇ, ಎಚ್‌ಎಂ ಹತ್ತಿರ ಹೋಗಿ ಕೂತು ಮಾತಾಡಿ. ಎಸ್‌ಡಿಎಂಸಿ ಅಧ್ಯಕ್ಷರನ್ನೂ ಜೊತೆಗೆ ಕರೆದುಕೊಂಡು ಹೋಗಿ.